ಚಟ್ಟಿಯ ಹಳದಿ ಬದಿ

ಘಾಲಾ, ಮಸ್ಕತ್
21 ಏಪ್ರಿಲ್ 2025

ಇಸುಬು ಬ್ಯಾರಿಗಳಿಗೆ ಹಿಲ್ಡಾಳ ನಮಸ್ಕಾರ.

ನನ್ನ ನೆನಪು ನಿಮಗೆ ಇರಲಿಕ್ಕಿಲ್ಲ, ನನ್ನ ಗಂಡ ವಾಲ್ಟರರ ನೆನಪು ಖಂಡಿತ ಇರುತ್ತದೆ. ಫೆಬ್ರವರಿಯಲ್ಲಿ ಅವರ ರುಸೈಲ್ ಫ್ಯಾಕ್ಟರಿಯವರು ಜೀಪು ಮಾಡಿಕೊಂಡು ಜಬಲ್ ಅಖ್ದರ್ ಬೆಟ್ಟದ ನಿಮ್ಮ ಹೋಟೆಲಿಗೆ ಬಂದಿದ್ದರು. ಎಲ್ಲರೂ ಊಟಕ್ಕೆ ಕೂತರೂ ತೋಟದಲ್ಲಿ ನಿಮ್ಮ ಹಿಂದೆಯೇ ಸುತ್ತುತ್ತಿದ್ದ ಬೋಳುತಲೆಯ ಮನುಷ್ಯ ಅವರೇ. ಹೋಟೆಲಿನವರು ಎಸೆಯಲು ಇಟ್ಟಿದ್ದ ಹೂವಿನ ಚಟ್ಟಿಗಳಲ್ಲಿ ಒಂದನ್ನು ಎತ್ತಿ ನೀವು ಅವರ ಕೈಗೆ ಕೊಟ್ಟಿರಿ. ಚೀಟಿಯಲ್ಲಿ ರೊಡೊಡೆಂಡ್ರನ್ ಎಂದು ಇತ್ತು. ಆ ಹೆಸರು ನನ್ನ ಬಾಯಲ್ಲಿ ನಿಲ್ಲಲು ಒಂದು ವಾರ ಬೇಕಾಯಿತು.

ಈಗ ಆ ಗಿಡ ಹಳದಿಯಾಗುತ್ತಿದೆ. ಎಲೆಯ ನರ ಹಸಿರಾಗಿಯೇ ಉಂಟು, ನಡುವಿನ ಭಾಗ ಮಾತ್ರ ಹಳದಿ. ನನ್ನ ತಪ್ಪುಗಳನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂರು ಸಲ ಬಂಗುಡೆ ತೊಳೆದ ನೀರು ಹಾಕಿದ್ದೇನೆ. ಒಮ್ಮೆ ಉಳಿದ ಚಹಾ ಹಾಕಿದ್ದೇನೆ, ಅದೂ ಹಾಲು ಹಾಕಿದ ಚಹಾ. ನಲ್ಲಿ ನೀರಂತೂ ದಿನಾ.

ಒಂದು ಗಿಡಕ್ಕೆ ಇಷ್ಟು ಗಲಾಟೆ ಯಾಕೆ ಎಂದು ಕೇಳಬಹುದು. ವಾಲ್ಟರ್ ಮೂವತ್ತು ವರ್ಷ ಹೊಗೆಸೊಪ್ಪು ಹಾಕಿ ಎಲೆಅಡಿಕೆ ತಿಂದವರು. ಕಳೆದ ವರ್ಷ ಕೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಬಂತು. ಮಂಗಳೂರಿನಲ್ಲಿ ಅದನ್ನು ಕತ್ತರಿಸಿ ತೆಗೆದ ಡಾಕ್ಟರು, ಇನ್ನು ಎಲೆ ಬಾಯಿಗೆ ಹೋದರೆ ಮುಂದಿನ ಸಲ ಅದು ಬರೇ ಮಚ್ಚೆ ಆಗಿರುವುದಿಲ್ಲ ಎಂದರು. ಅಂದಿನಿಂದ ಬಿಟ್ಟಿದ್ದಾರೆ. ಆದರೆ ಬಿಟ್ಟವರ ಕೈ ಸುಮ್ಮನಿರುವುದಿಲ್ಲ. ನಿಮ್ಮ ಗಿಡ ಬಂದ ಮೇಲೆ ಆ ಕೈಗೆ ಒಂದು ಕೆಲಸ ಸಿಕ್ಕಿತು. ಸಂಜೆ ಐದಕ್ಕೆ ಫ್ಯಾಕ್ಟರಿಯಿಂದ ಬಂದವರು, ನಾನು ಟ್ರಾವೆಲ್ ಆಫೀಸಿನಿಂದ ಎಂಟಕ್ಕೆ ಬರುವವರೆಗೂ ಬಾಲ್ಕನಿಯಲ್ಲಿ ಅದರ ಪಕ್ಕ ಕೂತಿರುತ್ತಾರೆ. ಈ ಗಿಡ ಸತ್ತರೆ ಅವರು ಮತ್ತೆ ಆ ಚಟಕ್ಕೆ ಬೀಳುತ್ತಾರೆ ಎಂಬ ಹೆದರಿಕೆ ನನಗೆ. ಇದನ್ನು ಅವರಿಗೆ ಹೇಳಿಲ್ಲ, ನೀವೂ ಹೇಳಬಾರದು.

ತರಕಾರಿ ಗಾಡಿಯ ಫಾರೂಕರಲ್ಲಿ ನಿಮ್ಮ ನಂಬರ್ ಕೇಳಿದೆ. “ಇಸುಬಾಕನಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ ಅಕ್ಕ, ಕಿವಿ ಕೇಳುದಿಲ್ಲ. ಮೆಸೇಜ್ ಹಾಕಿದ್ರೆ ನೋಡುದೂ ಇಲ್ಲ. ಕಾಗದ ಬರೆದು ಕೊಡಿ, ನಾನು ಹೇಗೂ ವಾರಕ್ಕೆ ಎರಡು ಸಲ ಮೇಲೆ ಹೋಗ್ತೇನಲ್ಲ” ಎಂದರು. ಕನ್ನಡದಲ್ಲಿ ಕಾಗದ ಬರೆಯದೆ ಇಪ್ಪತ್ತು ವರ್ಷ ಆಗಿರಬೇಕು. ತಪ್ಪಿದ್ದರೆ ಕ್ಷಮಿಸಿ.

ಹಿಲ್ಡಾ


ಜಬಲ್ ಅಖ್ದರ್
26 ಏಪ್ರಿಲ್ 2025

ಹಿಲ್ಡಾ ಬಾಯಿಯವರಿಗೆ,

ನಿಮ್ಮ ಗಂಡ ವಾಲ್ಟರ್ ಪೊರ್ಬುಗಳ ನೆನಪು ಚೆನ್ನಾಗಿ ಉಂಟು. ಮೂರು ಗಂಟೆಯಲ್ಲಿ ನಲವತ್ತು ಪ್ರಶ್ನೆ ಕೇಳಿದರು. ಒಂದೂ ನನಗೆ ಕೇಳಿಸಲಿಲ್ಲ, ಅಂದಾಜಿನಲ್ಲಿ ಉತ್ತರ ಕೊಟ್ಟೆ. ಹದಿನಾಲ್ಕು ವರ್ಷ ಕಲ್ಲಿನ ಕ್ರಷರಿನಲ್ಲಿ ಇದ್ದವನು ನಾನು, ಕಿವಿ ಅಲ್ಲಿಯೇ ಖಲಾಸ್. ಗಿಡದ ಕೆಲಸಕ್ಕೆ ಕಿವಿ ಬೇಡ, ಹಾಗಾಗಿ ಬದುಕಿದೆ.

ಮೀನಿನ ನೀರಿನ ವಿಷಯ ಓದಿ ನಗು ಬಂತು. ನಾವು ಕರಾವಳಿಯವರು ಯಾವ ಗಿಡ ಕಂಡರೂ ಅದಕ್ಕೆ ಬಂಗುಡೆಯ ರುಚಿ ತೋರಿಸದೆ ಬಿಡುವುದಿಲ್ಲ. ಇನ್ನು ಬೇಡ. ಇದು ತಂಪು ಊರಿನ ಗಿಡ, ಇದಕ್ಕೆ ಹುಳಿ ಮಣ್ಣು ಬೇಕು. ಒಮಾನಿನ ಈ ಬೆಟ್ಟವೆಲ್ಲ ಸುಣ್ಣದ ಕಲ್ಲು. ಇಷ್ಟು ಚಳಿ ಇದ್ದರೂ ನಾನೇ ಇದನ್ನು ನೆಲದಲ್ಲಿ ನೆಡಲಿಲ್ಲ. ಚೀಲದಲ್ಲಿ ಬರುವ ಕಪ್ಪು ಹುಳಿ ಮಣ್ಣು ತುಂಬಿ ಚಟ್ಟಿಯಲ್ಲೇ ಇಟ್ಟಿದ್ದೇನೆ. ಸುಣ್ಣ ಮುಟ್ಟಿದರೆ ಇದು ಮಣ್ಣಿನಿಂದ ಕಬ್ಬಿಣದ ಸತ್ವ ಎಳೆದುಕೊಳ್ಳಲಾರದು. ಆಗ ನೀವು ಹೇಳಿದ ಹಾಗೆಯೇ ನರ ಹಸಿರು, ಎಲೆ ಹಳದಿ.

ನಲ್ಲಿ ನೀರು ನಿಲ್ಲಿಸಿ. ಏಸಿಯ ಪೈಪಿನಿಂದ ತೊಟ್ಟಿಕ್ಕುವ ನೀರಿಗೆ ಒಂದು ಬಕೆಟ್ ಇಡಿ, ಅದರಲ್ಲಿ ಸುಣ್ಣ ಇರುವುದಿಲ್ಲ. ಬೇರು ಕೂದಲಿನಷ್ಟು ತೆಳು, ಮೇಲೆಯೇ ಹರಡಿರುತ್ತದೆ. ಮಣ್ಣು ಕೆದಕಬೇಡಿ, ತೆಂಗಿನ ನಾರು ಮುಚ್ಚಿ. ಬಾಡಿದ ಹೂವನ್ನು ಚಿವುಟಿ ತೆಗೆಯಿರಿ, ಕೆಳಗಿನ ಮೊಗ್ಗು ಮುರಿಯಬಾರದು. ಮೇ ಬಂದ ಮೇಲೆ ಬಿಸಿಲು ನೇರ ಬೀಳಬಾರದು, ಏಸಿಯ ಗಾಳಿಯೂ ನೇರ ಬಡಿಯಬಾರದು.

ಈಗ ನನ್ನ ಪ್ರಶ್ನೆಗಳು. ಹಳದಿ ಎಲ್ಲ ಬದಿಯಲ್ಲೂ ಉಂಟೋ, ಒಂದೇ ಬದಿಯೋ? ಹೊಸ ಎಲೆಯೋ, ಹಳೆಯದೋ? ಚಟ್ಟಿಯ ಪಕ್ಕದಲ್ಲಿ ಏನೇನು ಉಂಟು? ನೀರು ಹಾಕುವುದು ಯಾರು? ನೆನಪಿನಿಂದ ಬರೆಯಬೇಡಿ. ಎದ್ದು ಹೋಗಿ ನೋಡಿ ಬರೆಯಿರಿ.

ಇಸುಬು


ಘಾಲಾ
4 ಮೇ 2025

ಇಸುಬು ಬ್ಯಾರಿಗಳಿಗೆ,

ಎದ್ದು ಹೋಗಿ ನೋಡಿದೆ. ನೋಡಿದ್ದು ಒಳ್ಳೆಯದಾಯಿತು, ಇಷ್ಟು ದಿನ ನೋಡಿಯೇ ಇರಲಿಲ್ಲ.

ಹಳದಿ ಒಂದೇ ಬದಿ. ಗಿಡವನ್ನು ನಡುವಿನಲ್ಲಿ ಗೆರೆ ಎಳೆದು ಪಾಲು ಮಾಡಿದ ಹಾಗೆ ಉಂಟು. ಗಾಜಿನ ಕಡೆಯ ಅರ್ಧ ಹಸಿರು, ಒಳಗಿನ ಅರ್ಧ ಹಳದಿ. ಹೊಸ ಎಲೆಯಲ್ಲೇ ಜಾಸ್ತಿ. ನಮ್ಮದು ಗಾಜು ಹಾಕಿದ ಬಾಲ್ಕನಿ, ಒಳಗಿನ ಕೋಣೆಯ ಏಸಿಯ ತಂಪು ಅಲ್ಲಿಯವರೆಗೆ ಬರುತ್ತದೆ. ಒಳಗಿನ ಪಕ್ಕದಲ್ಲಿ ವಾಲ್ಟರರ ಬೆತ್ತದ ಕುರ್ಚಿ, ಒಂದು ಸ್ಟೂಲು, ಬಟ್ಟೆ ಒಣಗಿಸುವ ಸ್ಟ್ಯಾಂಡು. ನೀರು ಹಾಕುವುದು ಅವರೇ. ಏಸಿ ನೀರಿನ ವಿಷಯ ಹೇಳಿದ ದಿನವೇ ಬಕೆಟ್ ಇಟ್ಟರು. ದಿನಕ್ಕೆ ಅರ್ಧ ಬಕೆಟ್ ತುಂಬುತ್ತದೆ. ಇಷ್ಟು ವರ್ಷ ಇದನ್ನು ಗಟಾರಕ್ಕೆ ಬಿಟ್ಟೆವಲ್ಲ ಎಂದು ಅವರಿಗೆ ಸಂಕಟ.

ಇನ್ನೊಂದು ಕಂಡಿತು. ಹಳದಿ ಇರುವ ಬದಿಯಲ್ಲೇ, ಚಟ್ಟಿಯ ಅಂಚಿಗೆ ಬಿಳಿಯಾಗಿ ಏನೋ ಅಂಟಿಕೊಂಡಿದೆ. ಒಣಗಿದೆ, ಉಗುರಿನಲ್ಲಿ ಕೆರೆದರೆ ಹುಡಿ ಬರುತ್ತದೆ. ವಾಲ್ಟರರಿಗೆ ತೋರಿಸಿದೆ. “ನೀರಿನ ಉಪ್ಪು ಇರ್ಬೇಕು, ಇಲ್ಲಿ ಎಲ್ಲದರಲ್ಲೂ ಉಪ್ಪೇ” ಎಂದು ಹೇಳಿ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟರು. ಮನೆಯಲ್ಲಿ ಯಾವತ್ತೂ ಒಂದು ಮೇಜು ಒರೆಸಿದ ಮನುಷ್ಯ ಅಲ್ಲ. ಗಿಡ ಅವರನ್ನು ಎಷ್ಟು ಬದಲಾಯಿಸಿದೆ ನೋಡಿ.

ನಿಮಗೆ ಗೊತ್ತಾದದ್ದನ್ನು ಬೇಗ ಬರೆಯಿರಿ. ಪತ್ತೇದಾರಿ ಕೆಲಸ ನನಗೆ ಮೊದಲಿಂದಲೂ ಇಷ್ಟ. ಆಫೀಸಿನಲ್ಲಿ ಯಾರ ಟಿಕೆಟ್ ಎಲ್ಲಿ ತಪ್ಪಿತು ಎಂದು ಹುಡುಕುವುದು ನಾನೇ.

ಹಿಲ್ಡಾ


ಜಬಲ್ ಅಖ್ದರ್
10 ಮೇ 2025

ಹಿಲ್ಡಾ ಬಾಯಿಯವರಿಗೆ,

ನೀವು ಸರಿಯಾಗಿ ನೋಡಿದ್ದೀರಿ. ಇಲ್ಲಿ ನನ್ನ ಕೈಕೆಳಗೆ ಇರುವವರಿಗೆ ಇದನ್ನೇ ಕಲಿಸಲು ಎರಡು ವರ್ಷ ಹಿಡಿಯುತ್ತದೆ.

ಆದರೆ ಉಪ್ಪು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ನೀರಿನ ಉಪ್ಪಾದರೆ ಚಟ್ಟಿಯ ಸುತ್ತ ಬಳೆಯ ಹಾಗೆ ಬರಬೇಕು, ಒಂದೇ ಕಡೆ ಯಾಕೆ ಬರುತ್ತದೆ? ಒಂದು ಪರೀಕ್ಷೆ ಹೇಳುತ್ತೇನೆ. ಹಸಿರು ಬದಿಯಿಂದ ಒಂದು ಚಮಚ, ಹಳದಿ ಬದಿಯಿಂದ ಒಂದು ಚಮಚ ಮಣ್ಣು ಮೇಲಿನಿಂದಲೇ ತೆಗೆಯಿರಿ. ಬೇರೆ ಬೇರೆ ತಟ್ಟೆಯಲ್ಲಿ ಹಾಕಿ, ಒಣಗಿಸಿ, ಅಡುಗೆಯ ವಿನೆಗರ್ ನಾಲ್ಕು ಹನಿ ಬಿಡಿ. ನೊರೆ ಬಂದರೆ ಸುಣ್ಣ. ಬರದಿದ್ದರೆ ನಾನು ಬೇರೆ ಯೋಚನೆ ಮಾಡಬೇಕು.

ಗಾರೆ ಕೆಲಸ ಪಕ್ಕದಲ್ಲಿ ನಡೆಯುತ್ತಿದೆಯೋ? ಮೊಟ್ಟೆಯ ಸಿಪ್ಪೆ ಯಾರಾದರೂ ಹಾಕುತ್ತಾರೋ? ನೋಡಿ.

ಇಸುಬು


ಘಾಲಾ
18 ಮೇ 2025

ಇಸುಬು ಬ್ಯಾರಿಗಳಿಗೆ,

ಶುಕ್ರವಾರ ವಾಲ್ಟರ್ ಸ್ನಾನಕ್ಕೆ ಹೋದಾಗ ಪರೀಕ್ಷೆ ಮಾಡಿದೆ. ಹಂದಿ ಮಾಂಸಕ್ಕೆ ಇಟ್ಟಿದ್ದ ವಿನೆಗರ್, ನೀವು ಬೇಸರಿಸಬಾರದು. ಹಸಿರು ಬದಿಯ ಮಣ್ಣು ಹನಿಯನ್ನು ಸುಮ್ಮನೆ ಕುಡಿಯಿತು. ಹಳದಿ ಬದಿಯದ್ದು ಚುಯ್ ಎಂದು ನೊರೆ ಎದ್ದಿತು. ಮತ್ತೆ ಎರಡು ಸಲ ಮಾಡಿದೆ, ಎರಡು ಸಲವೂ ಹಾಗೆಯೇ.

ಯಾರೋ ಸುಣ್ಣ ಹಾಕುತ್ತಿದ್ದಾರೆ. ಯಾರು? ನನ್ನ ಪಟ್ಟಿ ಹೀಗೆ. ಮೇಲಿನ ಮನೆಯ ಅಕ್ಷಯ್ ಬಾತ್‌ರೂಮಿನ ಗಾರೆ ಕೀಳಿಸುತ್ತಿದ್ದಾನೆ, ಹುಡಿ ಕೆಳಗೆ ಬೀಳುತ್ತದೆ. ಆದರೆ ನಮ್ಮ ಗಾಜು ಮುಚ್ಚಿಯೇ ಇರುತ್ತದೆ. ನಾನಂತೂ ಮೊಟ್ಟೆಯ ಸಿಪ್ಪೆ ಹಾಕಿಲ್ಲ. ಬಿಳಿ ಹಿಕ್ಕೆ ಹಾಕುವ ಪಾರಿವಾಳದ ಮೇಲೂ ಸಂಶಯ ಬಂತು, ಅದು ಗಾಜಿನೊಳಗೆ ಹೇಗೆ ಬರುತ್ತದೆ ಎಂದು ಯೋಚಿಸಿ ಬಿಟ್ಟೆ.

ಈ ವಿನೆಗರ್ ವಿಷಯ ವಾಲ್ಟರರಿಗೆ ಹೇಳಿಲ್ಲ. ಅವರು ಸ್ನಾನ ಮುಗಿಸಿ ಬರುವುದರೊಳಗೆ ತಟ್ಟೆ ತೊಳೆದು ಇಟ್ಟೆ. ಏನು ಮಾಡಬೇಕು ಎಂದು ತಿಳಿಸಿ.

ಹಿಲ್ಡಾ


ಜಬಲ್ ಅಖ್ದರ್
24 ಮೇ 2025

ಹಿಲ್ಡಾ ಬಾಯಿಯವರಿಗೆ,

ಹಳದಿ ಬದಿಯ ಮೇಲಿನ ಎರಡು ಬೆರಳು ಮಣ್ಣು ಬೇರು ಹರಿಯದ ಹಾಗೆ ತೆಗೆದು, ಈ ಕಾಗದದ ಜೊತೆ ಫಾರೂಕ್ ತರುವ ಚೀಲದ ಹುಳಿ ಮಣ್ಣು ಹಾಕಿ. ಮತ್ತೆ ಚಟ್ಟಿಯನ್ನು ತಿರುಗಿಸಿ ಇಡಿ, ಹಸಿರು ಬದಿ ಕುರ್ಚಿಯ ಕಡೆಗೆ ಬರಲಿ. ಬೇರೇನೂ ಮಾಡಬೇಡಿ. ಒಂದು ತಿಂಗಳು ನೋಡಿ.

ಪೊರ್ಬುಗಳು ಆರೋಗ್ಯವಾಗಿದ್ದಾರಾ? ಊಟ ಸರಿಯಾಗಿ ಮಾಡುತ್ತಾರಾ?

ಇಸುಬು


ಘಾಲಾ
28 ಜೂನ್ 2025

ಇಸುಬು ಬ್ಯಾರಿಗಳಿಗೆ,

ನಿಮ್ಮ ಹಬ್ಬ ಚೆನ್ನಾಗಿ ಆಯಿತೆಂದು ಫಾರೂಕ್ ಹೇಳಿದರು. ಅವರ ಕೈಯಲ್ಲಿ ಬಂದ ಬಿರಿಯಾನಿ ನಾವು ಎರಡು ಹೊತ್ತು ತಿಂದೆವು. ನಾವು ಎಂದರೆ ನಾನು. ವಾಲ್ಟರ್ ಎರಡು ತುತ್ತು ತಿಂದು ಖಾರ ಎಂದು ಬಿಟ್ಟರು. ಈಗೀಗ ಸಾರಿಗೂ ಮೆಣಸು ಕಡಿಮೆ ಹಾಕು ಎನ್ನುತ್ತಾರೆ. ಗ್ಯಾಸ್ ಇರಬೇಕು. ನಾನು ಮನೆಗೆ ಬರುವಾಗ ಬಾಯಿ ತುಂಬ ಏಲಕ್ಕಿ ಜಗಿಯುತ್ತಿರುತ್ತಾರೆ, ಅದಕ್ಕೆ ಒಳ್ಳೆಯದಂತೆ. ನೀವು ಊಟದ ವಿಷಯ ಕೇಳಿದ್ದಿರಲ್ಲ, ಅದಕ್ಕೆ ಬರೆದೆ.

ಗಿಡದ ಸುದ್ದಿ. ತಿರುಗಿಸಿ ಇಟ್ಟೆ. ಮೊದಲು ಹಳದಿಯಾಗಿದ್ದ ಬದಿ ಈಗ ಗಾಜಿನ ಕಡೆ ಹೋಗಿದೆ, ಅಲ್ಲಿ ಹೊಸ ಚಿಗುರು ಪೂರ್ತಿ ಹಸಿರು. ಹಸಿರಾಗಿದ್ದ ಬದಿ ಕುರ್ಚಿಯ ಕಡೆ ಬಂದಿದೆ, ಅಲ್ಲಿ ಹಳದಿ ಶುರುವಾಗಿದೆ. ದಿನಾ ಎಣಿಸುತ್ತೇನೆ. ಮೊದಲ ವಾರ ಎರಡು ಎಲೆ, ಮೂರನೇ ವಾರ ಒಂಬತ್ತು, ಇವತ್ತು ಹದಿನೇಳು.

ಅಕ್ಷಯನ ಗಾರೆಯೇ ಇರಬೇಕು ಎಂದು ಈಗ ನನಗೆ ಅನ್ನಿಸುತ್ತದೆ. ಗಾಜಿನ ಸಂದಿನಿಂದ ಹುಡಿ ಒಳಗೆ ಬಂದು ಸುತ್ತಿ ಆ ಕಡೆಗೇ ಬೀಳುತ್ತಿರಬಹುದು. ಅಥವಾ ಪಾರಿವಾಳ. ಹಾಗೆ ಆಗುವುದು ಉಂಟಲ್ಲ? ಹೌದೋ ಅಲ್ಲವೋ ಎಂದು ಒಂದು ಸಾಲು ಬರೆಯಿರಿ.

ಹಿಲ್ಡಾ


ಘಾಲಾ
20 ಜುಲೈ 2025

ಇಸುಬು ಬ್ಯಾರಿಗಳೇ,

ಫಾರೂಕ್ ಆರು ಸಲ ಬೆಟ್ಟ ಹತ್ತಿ ಇಳಿದರು, ನಿಮ್ಮ ಒಂದು ಸಾಲು ಬರಲಿಲ್ಲ. ಕೇಳಿದರೆ “ಬರೆದು ಹರೀತಾ ಇದ್ದಾರೆ ಅಕ್ಕ, ನಾನೇ ನೋಡಿದೆ” ಎನ್ನುತ್ತಾರೆ. ಹರಿಯುವಂಥದ್ದು ಏನು ಬರೆದಿರಿ? ನಾನು ಕೇಳಿದ್ದು ಪಾರಿವಾಳದ ವಿಷಯ.

ಎಲೆ ಇಪ್ಪತ್ತೊಂಬತ್ತು.

ಹಿಲ್ಡಾ


ಜಬಲ್ ಅಖ್ದರ್
1 ಆಗಸ್ಟ್ 2025

ಹಿಲ್ಡಾ ಬಾಯಿಯವರಿಗೆ,

ಪಾರಿವಾಳ ಅಲ್ಲ. ಗಾರೆಯೂ ಅಲ್ಲ.

ನಾಲ್ಕು ಕಾಗದ ಹರಿದೆ, ಇದು ಐದನೆಯದ್ದು. ನಿಮ್ಮ ವಿನೆಗರಿನ ಕಾಗದ ಓದಿದಾಗಲೇ ನನಗೆ ಸಂಶಯ ಬಂದಿತ್ತು. ಚಟ್ಟಿ ತಿರುಗಿಸಿ ಎಂದದ್ದು ಗಿಡಕ್ಕಾಗಿ ಅಲ್ಲ, ನನ್ನ ಸಂಶಯ ಸುಳ್ಳಾಗಲಿ ಎಂದು. ಹಳದಿ ಕುರ್ಚಿಯ ಹಿಂದೆಯೇ ಬಂತು. ಮತ್ತೆ ನನಗೆ ಬರೆಯಲು ಕೈ ಬರಲಿಲ್ಲ. ಯಾರದೋ ಮನೆಯ ಗಂಡ ಹೆಂಡತಿಯ ನಡುವೆ ಬೆಟ್ಟದ ಮೇಲೆ ಕೂತ ತೋಟದವನು ಬಾಯಿ ಹಾಕುವುದಾ ಎಂದು ಯೋಚಿಸಿದೆ.

ಎಲೆಅಡಿಕೆ ತಿನ್ನುವವರಿಗೆ ಒಂದು ಅಭ್ಯಾಸ ಇರುತ್ತದೆ. ನನಗೂ ಇತ್ತು, ಇಪ್ಪತ್ತು ವರ್ಷ ತಿಂದವನು. ಬೆರಳಿನಲ್ಲಿ ಸುಣ್ಣ ತೆಗೆದು ಎಲೆಗೆ ಸವರುತ್ತೇವೆ. ಬೆರಳಿನಲ್ಲಿ ಸ್ವಲ್ಪ ಉಳಿಯುತ್ತದೆ. ಅದನ್ನು ಕೈಗೆ ಸಿಕ್ಕಿದ ಕಡೆ ಒರೆಸುತ್ತೇವೆ, ಕಂಬ, ಗೋಡೆ, ಬೆಂಚಿನ ಅಡಿ. ಒರೆಸಿದ್ದು ನಮಗೇ ಗೊತ್ತಾಗುವುದಿಲ್ಲ. ಅಂಗಿಗೆ ಒರೆಸಿದರೆ ಮನೆಯಲ್ಲಿ ಕಾಣುತ್ತದೆ, ಹಾಗಾಗಿ ಅಂಗಿಗೆ ಮಾತ್ರ ಯಾರೂ ಒರೆಸುವುದಿಲ್ಲ. ಕುರ್ಚಿಯಲ್ಲಿ ಕೂತವರ ಕೈ ಇಳಿದರೆ ಸಿಗುವುದು ಚಟ್ಟಿಯ ಅಂಚು. ನೀರು ಹಾಕಿದಾಗ ಸುಣ್ಣ ಮಣ್ಣಿಗೆ ಇಳಿಯುತ್ತದೆ. ಬೇರೆ ಯಾವ ಗಿಡವಾದರೂ ತಡೆದುಕೊಳ್ಳುತ್ತಿತ್ತು, ಇದು ತಡೆಯುವುದಿಲ್ಲ.

ಕ್ರಷರಿನಲ್ಲಿ ನನ್ನ ಜೊತೆ ನನ್ನ ಭಾವ ಉಮ್ಮರ್ ಇದ್ದರು. ಬಾಯಿಯಲ್ಲಿ ಉರಿ ಎಂದು ಬರೇ ಗಂಜಿ ಕುಡಿಯುತ್ತಿದ್ದರು. ನನಗೆ ಗೊತ್ತಿತ್ತು. ಅಕ್ಕನಿಗೆ ಹೇಳಬೇಡ ಎಂದರು, ನಾನು ಹೇಳಲಿಲ್ಲ. ದೊಡ್ಡ ಮರ್ಯಾದೆಯ ಕೆಲಸ ಮಾಡಿದೆ ಎಂದುಕೊಂಡೆ. ಹನ್ನೊಂದು ತಿಂಗಳ ನಂತರ ಅವರ ದವಡೆ ತೆಗೆದರು. ಮತ್ತೆ ಆರು ತಿಂಗಳು ಇದ್ದರು ಅಷ್ಟೆ. ಅಕ್ಕ ಐಶಮ್ಮ ಈಗಲೂ ನನ್ನಲ್ಲಿ ಮಾತಾಡುತ್ತಾಳೆ, ನನಗೇ ಅವಳ ಮುಖ ನೋಡಲು ಆಗುವುದಿಲ್ಲ.

ನೀವು ಸಾರಿನ ಮೆಣಸಿನ ವಿಷಯ ಬರೆದಿರಿ. ಅದನ್ನು ಓದಿದ ದಿನವೇ ನಾನು ಬರೆಯಬೇಕಿತ್ತು. ಒಂದು ತಿಂಗಳು ತಡ ಮಾಡಿದೆ. ಇದನ್ನು ಪೊರ್ಬುಗಳಿಗೆ ತೋರಿಸಿ. ಸಿಟ್ಟು ಬಂದರೆ ನನ್ನ ಮೇಲೆ ಬರಲಿ. ಡಾಕ್ಟರಲ್ಲಿಗೆ ಈ ವಾರವೇ ಹೋಗಬೇಕು.

ಇಸುಬು


ಘಾಲಾ
25 ಆಗಸ್ಟ್ 2025

ಇಸುಬು ಬ್ಯಾರಿಗಳಿಗೆ,

ನೀವು ನಾಲ್ಕು ಕಾಗದ ಹರಿದಿರಿ. ನಾನು ಒಂದನ್ನೂ ಹರಿಯಲಿಲ್ಲ, ಕೊನೆಯ ಮೂರರಲ್ಲೂ ಸುಳ್ಳು ಬರೆದೆ.

ನೊರೆ ಬಂದ ದಿನವೇ ನನಗೆ ಗೊತ್ತಾಗಿತ್ತು. ನನ್ನ ಅಪ್ಪನೂ ಎಲೆ ತಿನ್ನುತ್ತಿದ್ದರು. ಮನೆಯ ಜಗಲಿಯ ಕಂಬದಲ್ಲಿ ಅವರು ಕೂರುವ ಎತ್ತರಕ್ಕೆ ಸರಿಯಾಗಿ ಬಿಳಿ ಪಟ್ಟೆ ಇತ್ತು, ಅದನ್ನು ತಿಕ್ಕಿ ತೊಳೆಯುವುದು ನನ್ನ ಶನಿವಾರದ ಕೆಲಸ. ಆದರೂ ಕೂತು ಅಕ್ಷಯನ ಗಾರೆ, ಪಾರಿವಾಳ ಎಂದು ಬರೆದೆ. ನೀವು ‘ಹೌದು, ಪಾರಿವಾಳವೇ’ ಎಂದು ಬರೆದಿದ್ದರೆ ನಂಬಿಬಿಡುತ್ತಿದ್ದೆ. ಅದಕ್ಕೇ ಅಷ್ಟು ಒತ್ತಾಯ ಮಾಡಿ ಕೇಳಿದ್ದು.

ನಿಮ್ಮ ಕಾಗದವನ್ನು ಶುಕ್ರವಾರ ಬೆಳಿಗ್ಗೆ ಇಗರ್ಜಿಯ ಪೂಜೆಯಿಂದ ಬಂದ ಮೇಲೆ ಅವರ ಕೈಗೆ ಕೊಟ್ಟೆ. ವಾಲ್ಟರರಿಗೆ ಕನ್ನಡ ಓದಲು ನಿಧಾನ, ಬೆರಳಿಟ್ಟು ಓದಿದರು. ಉಮ್ಮರರ ವಿಷಯ ಬಂದಾಗ ಬೆರಳು ನಿಂತಿತು.

“ಎರಡು ಎಲೆ ಮಾತ್ರ ಹಿಲ್ಡಾ. ದಿನಕ್ಕೆ ಎರಡೇ.”

“ಹೊಗೆಸೊಪ್ಪು?”

“ಸ್ವಲ್ಪ. ಫ್ಯಾಕ್ಟರಿಯಲ್ಲಿ ಒಬ್ಬರು ಊರಿಂದ ತರ್ತಾರೆ.”

“ಯಾವಾಗಿಂದ?”

“ಗಿಡ ಬಂದ ಮೇಲೆ,” ಎಂದರು. “ಅದರ ಹತ್ತಿರ ಕೂತ್ಕೊಳ್ಳಿಕ್ಕೆ ಶುರು ಮಾಡಿದೆ ನೋಡು. ಸಂಜೆ ಹೊತ್ತು, ಕುರ್ಚಿ, ಗಿಡ, ಎಲ್ಲ ಉಂಟು. ಬಾಯಿ ಮಾತ್ರ ಖಾಲಿ. ನೀನು ಬರ್ಲಿಕ್ಕೆ ಮೂರು ಗಂಟೆ ಉಂಟು.”

ನನಗೆ ಸಿಟ್ಟು ಬಂತು, ಅಳುವೂ ಬಂತು. ಆದರೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಯಿತು. ಹಳದಿ ಎಲೆಗಳನ್ನು ಅರುವತ್ತು ದಿನ ಎಣಿಸಿದೆ. ಅದಕ್ಕೆ ಹೊಸ ಮಣ್ಣು ಹಾಕಿದೆ, ತಿರುಗಿಸಿ ಇಟ್ಟೆ, ನಾರು ಮುಚ್ಚಿದೆ. ಪಕ್ಕದ ಕುರ್ಚಿಯಲ್ಲೇ ಕೂತವರಿಗೆ ಒಮ್ಮೆ ಬಾಯಿ ತೆರೆಯಿರಿ ಎಂದು ಹೇಳಲಿಲ್ಲ. ಹೇಳಿದರೆ ಏನು ಕಾಣುತ್ತದೋ ಎಂಬ ಹೆದರಿಕೆ.

ಅವತ್ತು ಹೇಳಿದೆ. ಅವರು ಅರ್ಧ ಗಂಟೆ ಒಪ್ಪಲಿಲ್ಲ. ಗ್ಯಾಸ್ ಎಂದರು, ಹಲ್ಲು ಎಂದರು. ಕೊನೆಗೆ ಬಾಲ್ಕನಿಯ ಬೆಳಕಿಗೆ ಬಂದು ಬಾಯಿ ತೆರೆದರು, ಪೂರ್ತಿ ತೆರೆಯಲು ಆಗಲಿಲ್ಲ. ನಾನು ಮೊಬೈಲಿನ ಟಾರ್ಚ್ ಹಿಡಿದೆ. ಹಳೆಯ ಗಾಯದ ಹಿಂದೆ ಇನ್ನೊಂದು ಮಚ್ಚೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು.

ಇಲ್ಲಿಯ ಡಾಕ್ಟರು ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಕೆಟ್ಟದ್ದು ಶುರುವಾಗಿದೆ, ಒಳಗೆ ಇಳಿದಿಲ್ಲ, ಕತ್ತರಿಸಿದರೆ ಸಾಕಾಗಬಹುದು ಎಂದಿದ್ದಾರೆ. ‘ಬಹುದು’ ಎಂದದ್ದನ್ನು ನಾನು ಎರಡು ಸಲ ಕೇಳಿಸಿಕೊಂಡೆ. ಕ್ರಿಸ್ಮಸ್ಸಿಗೆ ಊರಿಗೆ ಹೋಗುವಾಗ ತೋರಿಸೋಣ ಎಂದು ಬಿಟ್ಟಿದ್ದರೆ ಈ ಮಾತೂ ಇರುತ್ತಿರಲಿಲ್ಲ ಎಂದರು. ಮಂಗಳವಾರದ ವಿಮಾನಕ್ಕೆ ಮಂಗಳೂರಿಗೆ ಹೊರಟಿದ್ದೇವೆ. ಎಷ್ಟು ದಿನವೋ ಗೊತ್ತಿಲ್ಲ, ಹಾಗಾಗಿ ಗಿಡ ಈ ಕಾಗದದ ಜೊತೆಗೆ ನಿಮ್ಮಲ್ಲಿಗೆ ಬರುತ್ತಿದೆ. ಅರ್ಧ ಎಲೆ ಉದುರಿದೆ. ನಿಮ್ಮ ತಂಪಿನಲ್ಲಿ ಬದುಕಿದರೆ ಬದುಕಲಿ. ನನಗೆ ಈಗ ಅದರ ಮೇಲೆ ಮೊದಲಿನಷ್ಟು ಆಸೆಯಿಲ್ಲ, ನಿಜ ಹೇಳಬೇಕಲ್ಲ.

ನಿಮ್ಮ ಅಕ್ಕನಿಗೆ ಒಂದು ಕಾಗದ ಬರೆಯಿರಿ. ನನಗೆ ಬರೆದದ್ದನ್ನೇ ಬರೆಯಿರಿ. ಪಾರಿವಾಳ ಎಂದು ಕೇಳುತ್ತಲೇ, ನಿಜವನ್ನು ಯಾರಾದರೂ ಬರೆದರೆ ಸಾಕು ಎಂದು ಕಾಯುತ್ತಿದ್ದವಳು ನಾನು, ಹಾಗಾಗಿ ಹೇಳುತ್ತಿದ್ದೇನೆ.

ವಾಲ್ಟರ್ ನಿಮ್ಮ ಮೇಲೆ ಎರಡು ದಿನ ಸಿಟ್ಟಿನಲ್ಲಿದ್ದರು. ಮೂರನೇ ದಿನ ನಿಮ್ಮ ಕಾಗದವನ್ನು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡರು. ಈಗ ದಿನಾ ಬೆಳಿಗ್ಗೆ ಹಲ್ಲುಜ್ಜಿ ಬಂದು, ನಾನು ಕೇಳುವ ಮೊದಲೇ, ಅಡುಗೆಮನೆಯ ಕಿಟಕಿಯ ಹತ್ತಿರ ನನ್ನೆದುರು ನಿಂತು ಬಾಯಿ ತೆರೆಯುತ್ತಾರೆ.

ಹಿಲ್ಡಾ